ಬಾಯಿಬಿಟ್ಟು ಹೇಳಿದ ಬೆಲೆ

ಗಾಣದ ಶಾಂತವೀರಪ್ಪನ ಮನೆಗೆ ಹೋಗಬೇಕಾದರೆ ನೀವು ಕಿಟಕಿಯಿಂದಲೇ ಇಳಿಯಬೇಕು. ಬಾಗಿಲು ನೆಲದೊಳಗೆ ಹೋಗಿ ಬಹಳ ಕಾಲವಾಯ್ತು. ಯಾವುದೋ ಹಬ್ಬದ ದಿನ ಹೊಟ್ಟೆ ಬಿರಿಯೋ ಹಾಗೆ ಹೋಳಿಗೆ ತಿಂದು, ಜಗಲಿ ಮೇಲೆ ಕೂತು, ಬೀಗರ ಮುಂದೆ ಗತ್ತಾಗಿ, 'ಇಷ್ಟಕ್ಕೆ ಒಂದು ಕಾಸು ಕಮ್ಮಿ ಬಂದರೂ ಈ ಮನೆ ಕೊಡೋನಲ್ಲ ನಾನು' ಅಂತ ಒಂದು ಅಂಕಿ ಹೇಳಿದ. ಮನಸಾರೆ ಹೇಳಿದ, ಅದೇ ಕೇಡು. ಬೀಗರು ಎಲೆಗೆ ಸುಣ್ಣ ಹಚ್ಚೋ ಹೊತ್ತಿಗೆ ಮನೆ ಕಿಟಕಿವರೆಗೆ ಇಳಿದಿತ್ತು. ಕೊಳ್ಳೋರು ಯಾರೂ ಬರಲಿಲ್ಲ, ಮಾತು ವಾಪಸ್ ತಗೊಳ್ಳೋಕೆ ಅವನಿಗೆ ಮನಸ್ಸೂ ಬರಲಿಲ್ಲ. ಇವತ್ತಿಗೂ ಅವನ ಹೆಂಡತಿ ಸೀರೆ ಎತ್ತಿ ಕಟ್ಟಿ, ಬಿಂದಿಗೆ ಮೊದಲು ಒಳಗೆ ಇಳಿಸಿ, ಆಮೇಲೆ ತಾನು ಇಳೀತಾಳೆ. ಇಳಿಯುವಾಗೆಲ್ಲ ಗಂಡನ ವಂಶಕ್ಕೆ ಸೇರಿಸಿ ಒಂದು ಮಾತು ಹೇಳ್ತಾಳೆ. ಅದು ಇಲ್ಲಿ ಹೇಳೋ ಮಾತಲ್ಲ.

ನಮ್ಮೂರೇ ಹೀಗೆ. ಬೆಲೆ ಬಾಯಿಗೆ ಬಂದರೆ ಸಾಕು, ವಸ್ತುವಿನ ಮೈಮೇಲೆ ಕೂತುಬಿಡುತ್ತೆ. ತಮಾಷೆಗೆ ಹೇಳಿದರೆ ಏನೂ ಆಗಲ್ಲ. ಕೊಳ್ಳೋನೋ ಮಾರೋನೋ ನಿಜವಾಗಿ ಮನಸ್ಸಿನಲ್ಲಿಟ್ಟು ಹೇಳಿದರೆ ಮಾತ್ರ ಭಾರ. ಎಷ್ಟು ಬೆಲೆಯೋ ಅಷ್ಟು ಭಾರ. ವ್ಯಾಪಾರ ಕುದುರಿದರೆ ಇಳಿಯುತ್ತೆ, ಹೇಳಿದವನು ಮಾತು ವಾಪಸ್ ತಗೊಂಡರೂ ಇಳಿಯುತ್ತೆ. ಎರಡೂ ಇಲ್ಲವಾ, ಮಾರೋನು ಎದೆ ಮುಟ್ಟಿ 'ಕೊಡಲ್ಲ' ಅನ್ನಬೇಕು. ಹಾಗಂದ ಮೇಲೆ ಅವನು ಬದುಕಿರೋವರೆಗೆ ಆ ವಸ್ತುವನ್ನ ಮತ್ತೆ ಯಾರೂ ಕೇಳೋ ಹಾಗಿಲ್ಲ. ಅದಕ್ಕೇ ನಮ್ಮ ಸಂತೆಯಲ್ಲಿ ಗದ್ದಲವಿಲ್ಲ. ಟೊಮೇಟೊ ಮಾರೋ ಜವರಮ್ಮ ಬೆರಳು ತೋರಿಸ್ತಾಳೆ, ನೀವು ಬೆರಳು ತೋರಿಸ್ತೀರಿ, ಅವಳು ಮೂತಿ ತಿರುಗಿಸ್ತಾಳೆ, ನೀವು ಎದ್ದು ಹೋಗೋ ಹಾಗೆ ಮಾಡ್ತೀರಿ, ಅವಳು ಚೀಲ ಹಿಡಿದು ಎಳೀತಾಳೆ. ಅಷ್ಟೇ ಸದ್ದು.

ನನ್ನ ಹೆಸರು ದುಂಡಮ್ಮ. ಎತ್ತಿನ ದಲ್ಲಾಳಿ. ನಮ್ಮಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಟವಲ್ಲು ನನ್ನ ಹೆಗಲಿಗೆ ಬಂತು. ಕೊಳ್ಳೋನ ಕೈ, ನನ್ನ ಕೈ, ಮೇಲೆ ಟವಲ್ಲು. ಕೆಳಗೆ ಬೆರಳುಗಳೇ ಮಾತಾಡ್ತವೆ. ಬೆರಳು ಹಿಡಿದರೆ ಒಂದು ಲೆಕ್ಕ, ಗೆಣ್ಣು ಒತ್ತಿದರೆ ಒಂದು, ಅಂಗೈ ಕೆರೆದರೆ ಇನ್ನೊಂದು. ದುಂಡಮ್ಮನ ಟವಲ್ಲಿನೊಳಗೆ ಕೈ ಇಟ್ಟವನು ಏಳುವಾಗ ಬೆರಳು ಎಣಿಸಿಕೊಂಡು ಏಳಬೇಕು ಅಂತ ಸಂತೆಯಲ್ಲಿ ಮಾತಿದೆ. ಬೈಗುಳ ಅಂತ ಹೇಳ್ತಾರೆ, ನಾನು ಹೊಗಳಿಕೆ ಅಂತ ಇಟ್ಟುಕೊಂಡಿದ್ದೀನಿ.

ಗುರುಮಲ್ಲ ನನ್ನ ತಂಗಿ ಮಗ. ತಂಗಿ ಹೋದ ಮೇಲೆ ಅವನಿಗೆ ಅನ್ನ ಹಾಕಿದವಳು ನಾನು, ಬೈದವಳು ನಾನು, ಶಾಲೆಗೆ ದರದರ ಎಳಕೊಂಡು ಹೋಗಿ ಕೂರಿಸಿದವಳೂ ನಾನು. ಓದು ತಲೆಗೆ ಹತ್ತಲಿಲ್ಲ, ಚೆಂಡು ಕಾಲಿಗೆ ಹತ್ತಿತು. ಅವನು ನಮ್ಮ ಸಂತೆಪೇಟೆ ಫುಟ್‌ಬಾಲ್ ಟೀಮಿಗೆ ಸೇರಿದ ಮೇಲೆ ಸುತ್ತಲಿನ ಊರಿನವರು ನಮ್ಮ ಜೊತೆ ಆಡೋಕೆ ಬರೋದನ್ನೇ ಬಿಟ್ಟರು. ಆಟದ ಕಾನೂನು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆಫ್‌ಸೈಡ್ ಅಂದರೆ ಏನು ಅಂತ ಅವನು ಊಟದ ತಟ್ಟೆಯಲ್ಲಿ ಉಪ್ಪಿನಕಾಯಿ, ಹಪ್ಪಳ ಜೋಡಿಸಿ ಹೇಳಿಕೊಟ್ಟಿದ್ದಾನೆ, ನಾನು ಹಪ್ಪಳ ತಿಂದು ಎದ್ದಿದ್ದೀನಿ. ಆದರೆ ಕಾಲು ನೋಡೋದು ನನಗೆ ಗೊತ್ತು, ನಾಲ್ಕು ಕಾಲಿನದಾದರೇನು, ಎರಡು ಕಾಲಿನದಾದರೇನು. ಅವನು ಓಡಿದರೆ ಹಿಂದೆ ದೂಳು ಏಳ್ತಿರಲಿಲ್ಲ. ಅಂಥ ಹಗುರ ಕಾಲು ನಾನು ಯಾವ ಕೊಟ್ಟಿಗೆಯಲ್ಲೂ ನೋಡಿರಲಿಲ್ಲ.

ಅವನ ಆಟ ಹೇಗೋ ಪಟ್ಟಣದ ದೊಡ್ಡ ಕ್ಲಬ್ಬಿನವರ ಕಣ್ಣಿಗೆ ಬಿತ್ತು. ಹುಡುಗನನ್ನ ಕೊಳ್ತೀವಿ ಅಂತ ಹೇಳಿ ಕಳಿಸಿದರು. ನಮ್ಮ ಟೀಮಿನ ಅಧ್ಯಕ್ಷ ಯಾರು ಅಂದುಕೊಂಡಿರಿ? ಅದೇ ಶಾಂತವೀರಪ್ಪ, ಕಿಟಕಿಯವನು. ನಾಲ್ಕು ಜನರನ್ನ ಕಟ್ಟಿಕೊಂಡು ನಮ್ಮನೆಗೆ ಬಂದ.

"ಮನುಷ್ಯರ ವ್ಯಾಪಾರ ನಮಗೆ ಗೊತ್ತಿಲ್ಲ ದುಂಡಮ್ಮ. ನೀನೇ ಟವಲ್ಲು ಹಾಕು. ನಿನ್ನ ಬೆರಳು ಏನು ಹೇಳುತ್ತೋ ಅದಕ್ಕೆ ನಾವೆಲ್ಲ ಬದ್ಧ."

"ಎತ್ತು ಮಾರೋಳ ಹತ್ತಿರ ಬಂದು ಮಗನನ್ನ ಮಾರು ಅಂತೀಯಲ್ಲ, ನಾಚಿಕೆ ಆಗಲ್ವೇನಯ್ಯ ನಿನಗೆ?" ಅಂತ ಬೈದು ಕಳಿಸಿದೆ.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಗುರುಮಲ್ಲ ಮುದ್ದೆ ಮುರಿಯದೆ ಹಾಗೇ ಕೂತಿದ್ದ. "ಅಲ್ಲೆಲ್ಲ ಹಾಗೇ ದೊಡ್ಡವ್ವ," ಅಂದ. "ಒಂದು ಟೀಮು ಇನ್ನೊಂದು ಟೀಮಿಗೆ ಬೆಲೆ ಕೊಡುತ್ತೆ, ಆಟಗಾರ ಹೋಗ್ತಾನೆ. ನನಗೆ ಹೋಗಬೇಕು. ಇಲ್ಲಿ ನನ್ನ ಎದುರು ಆಡೋಕೆ ಯಾರಿದ್ದಾರೆ ಹೇಳು. ಆದರೆ ಕಮ್ಮಿಗೆ ಮಾತ್ರ ಕೊಡಬೇಡ."

"ಯಾಕೋ, ದುಡ್ಡಿನ ಆಸೆನಾ?"

"ಇದಾಯತಣ್ಣನ್ನ ನೋಡಿದೀಯಲ್ಲ."

ನೋಡದೆ ಏನು. ಸೈಕಲ್ ಶಾಪಿನ ಇದಾಯತ್ ಒಂದು ಕಾಲಕ್ಕೆ ನಮ್ಮ ಟೀಮಿನ ಎದೆಗಾರ. ಅವನನ್ನ ಇದೇ ಕ್ಲಬ್ಬು ಕೊಂಡುಕೊಂಡಿತ್ತು. ಆಗ ಟೀಮಿನವರು ನನ್ನನ್ನ ಕೇಳಿರಲಿಲ್ಲ. ಪಟ್ಟಣದವರು ಕೇಳಿದ್ದೇ ದೊಡ್ಡದು ಅಂತ ಹಲ್ಲು ಕಿರಿದು, ಬಾಳೆಗೊನೆ ಕೊಟ್ಟ ಹಾಗೆ ಕೊಟ್ಟುಬಿಟ್ಟರು. ಕಮ್ಮಿಗೆ ಬಂದವನನ್ನ ಆಡಿಸದಿದ್ದರೆ ಯಾರಿಗೆ ನಷ್ಟ? ಬೆಂಚಿನ ಮೇಲೆ ಕೂರಿಸಿದರು. ಬೇರೆಯವರಿಗೆ ನೀರಿನ ಬಾಟ್ಲಿ ಕೊಡೋದು, ಬೆವರಿನ ಅಂಗಿ ಎತ್ತಿಡೋದು. ಹೀಗೇ ವರ್ಷಗಟ್ಟಲೆ ಕೂತು ಕೂತು, ಒಂದು ದಿನ ಬಸ್ಸು ಹತ್ತಿ ಊರಿಗೆ ಬಂದ. ಆಮೇಲೆ ಅವನು ಚೆಂಡು ಮುಟ್ಟಿದ್ದನ್ನ ಊರು ನೋಡಿಲ್ಲ. ಪಂಕ್ಚರ್ ಹಾಕುವಾಗ ಟ್ಯೂಬಿಗೆ ಗಾಳಿ ತುಂಬಿ, ಅದು ಉಬ್ಬೋದನ್ನ ನೋಡ್ತಾ ಸುಮ್ಮನೆ ಕೂತುಬಿಡ್ತಾನೆ. ನನಗೆ ಸಂಕಟವಾಗುತ್ತೆ.

"ದುಬಾರಿ ಕೊಟ್ಟು ತಂದವನನ್ನ ಯಾರೂ ಕೂರಿಸಲ್ಲ ದೊಡ್ಡವ್ವ. ಆಡಿಸಲೇಬೇಕು," ಅಂದ ಗುರುಮಲ್ಲ. "ನನಗೆ ಆಡಬೇಕು. ಅಷ್ಟೇ."

ನಾನು ಶಾಂತವೀರಪ್ಪನ ಕಿಟಕಿಗೆ ಬಗ್ಗಿ, ಒಪ್ಪಿಕೊಂಡೆ ಅಂತ ಹೇಳಿಬಂದೆ.

ಕ್ಲಬ್ಬಿನ ಕಡೆಯಿಂದ ವ್ಯಾಪಾರಕ್ಕೆ ಬಂದವನು ಪ್ರಭಂಜನ್ ಅಂತ. ಆ ಬಿಸಿಲಲ್ಲಿ ಕೋಟು. ನಕ್ಕರೆ ಹಲ್ಲೆಲ್ಲ ಒಂದೇ ಸಮ. 'ಅಮ್ಮ, ಅಮ್ಮ' ಅಂತ ಬೆಲ್ಲ ಸುರಿಸ್ತಾ ನಮ್ಮ ಜಗಲಿ ಮೇಲೆ ಕೂತ. ಮೊದಲೇ ಹೇಳಿದೆ: "ಸ್ವಾಮಿ, ಈ ಊರಲ್ಲಿ ಬೆಲೆ ಬಾಯಲ್ಲಿ ಹೇಳಬೇಡಿ. ಬೆರಳಲ್ಲಿ ಹೇಳಿ. ಬಾಯಲ್ಲಿ ಹೇಳಿದರೆ ಹುಡುಗನಿಗೆ ಭಾರ." ಹುಚ್ಚರ ಮುಂದೆ ನಗೋ ಹಾಗೆ ನಕ್ಕ, ಕೈ ಕೊಟ್ಟ. ಟವಲ್ಲು ಹೊದಿಸಿದೆ. ನೊಗ ಹಿಡಿಯದ ಕೈ, ಮೆತ್ತಗೆ. ಬೆರಳಿನ ಲೆಕ್ಕ ಹೇಳಿಕೊಟ್ಟೆ. ಅವನು ಒತ್ತಿದ. ಒತ್ತಿದ್ದು ಇದಾಯತನನ್ನ ಕೊಂಡಿದ್ದ ಅದೇ ಬೆಲೆ. ನಾನು ಅವನ ಕಿರುಬೆರಳನ್ನ ಸ್ವಲ್ಪ ತಿರುಚಿದೆ, ಜಾಸ್ತಿಯೇನಿಲ್ಲ.

"ಅಮ್ಮ, ಹಳ್ಳಿ ಹುಡುಗ," ಅಂದ ಕೈ ಕೊಡವಿಕೊಳ್ತಾ. "ಅವನನ್ನ ತಿದ್ದಬೇಕು, ತೀಡಬೇಕು. ಖರ್ಚಿದೆ."

"ತಿದ್ದೋದನ್ನೆಲ್ಲ ನಾನು ಆಗಲೇ ತಿದ್ದಿದ್ದೀನಿ. ನೀವು ಆಡಿಸಿದರೆ ಸಾಕು."

"ಭಾನುವಾರ ನಮ್ಮ ಕೋಚು ಬರ್ತಾರೆ, ನಮ್ಮ ಹುಡುಗರೂ ಬರ್ತಾರೆ. ಇಲ್ಲೇ ಒಂದು ಮ್ಯಾಚು ಆಡಲಿ. ಆಟ ನೋಡಿ ಮಾತಾಡೋಣ."

"ಆಗಲಿ," ಅಂದೆ. ನನಗೂ ಅದೇ ಬೇಕಿತ್ತು. ಎತ್ತನ್ನ ಕಟ್ಟಿಹಾಕಿ ತೋರಿಸೋದಕ್ಕಿಂತ ನಡೆಸಿ ತೋರಿಸಿದರೆ ಬೆಲೆ ಜಾಸ್ತಿ.

ಹೋಗುವಾಗ ಅವನು ಮೂಲೆ ಅಂಗಡಿಯಲ್ಲಿ ಸೋಡಾ ಕುಡಿದ. ಕುಡಿದವನು ಸುಮ್ಮನೆ ಹೋಗಬಾರದಾ? ಅಂಗಡಿಯವನ ಕೈಗಡಿಯಾರ ನೋಡಿ, ಇಷ್ಟು ಕೊಡ್ತೀನಿ, ಕೊಡ್ತೀರಾ ಅಂತ ಬಾಯಲ್ಲೇ ಕೇಳಿದ. ಒಳ್ಳೇ ಬೆಲೆಯೇ ಹೇಳಿದ. ಅಂಗಡಿಯವನ ಕೈ ದಡ್ಡಂತ ಗಲ್ಲಾಪೆಟ್ಟಿಗೆ ಮೇಲೆ ಬಿತ್ತು, ಎತ್ತೋಕಾಗಲಿಲ್ಲ. 'ಕೊಡಲ್ಲ ಮಾರಾಯ' ಅಂತ ಅವನು ಕೂಗಿದ ಮೇಲೆ ಕೈ ಎದ್ದಿತು. ಪ್ರಭಂಜನ ಆಗ ನಗಲಿಲ್ಲ. ಆ ಕೈಯನ್ನೇ ನೋಡ್ತಾ ಬಹಳ ಹೊತ್ತು ನಿಂತಿದ್ದ. ನಮ್ಮ ಜಗಲಿಯಿಂದ ನಾನು ಇದನ್ನ ಕಂಡೆ, ಪಟ್ಟಣದವನಿಗೆ ಈಗ ಬುದ್ಧಿ ಬಂತು ಅಂದುಕೊಂಡೆ.

ಭಾನುವಾರ ಸಂತೆ ಮೈದಾನದಲ್ಲಿ ಇರುವೆ ಬಿಡೋಕೆ ಜಾಗವಿರಲಿಲ್ಲ. ಹಿಂದಿನ ದಿನ ಬಿದ್ದ ಮಳೆಗೆ ಕೆಂಪು ಮಣ್ಣು ಹದವಾಗಿತ್ತು. ಹುಣಸೆ ಮರದ ಕೆಳಗೆ ಹೆಂಗಸರು, ಗಾಡಿಗಳ ಮೇಲೆ ಗಂಡಸರು, ನಡುವೆ ಒಂದು ಮೇಜು, ಮೈಕು. ಮೇಜಿನ ಪಕ್ಕ ಕುರ್ಚಿಯಲ್ಲಿ ಕ್ಲಬ್ಬಿನ ಕೋಚು ಮೋನಪ್ಪನವರು. ಕೊಳ್ಳೋದು ಬಿಡೋದು ಕೊನೆಗೆ ಅವರದೇ ಮಾತಂತೆ. ನರೆತ ತಲೆ, ಕೈಯಲ್ಲಿ ಊರುಗೋಲು. ಅವರೂ ಹಿಂದೆ ಆಡಿ ಕಾಲು ಮುರಿದುಕೊಂಡವರಂತೆ. ಮಾತು ಕಮ್ಮಿ. ಅವರ ಕಣ್ಣು ಮಾತ್ರ ನನಗೆ ಹಿಡಿಸಿತು. ಆಟಗಾರರ ಮುಖ ನೋಡ್ತಿರಲಿಲ್ಲ, ಕಾಲು ನೋಡ್ತಿದ್ದರು.

ಆಟ ಶುರುವಾಯ್ತು. ಗುರುಮಲ್ಲನ ಕಾಲಿಗೆ ಚೆಂಡು ಬಂದ ಮೊದಲ ಸಲವೇ ಪಟ್ಟಣದ ಇಬ್ಬರು ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಕೂತರು. ಎರಡನೇ ಸಲ ಬಂದಾಗ ಚೆಂಡು ಎಲ್ಲಿ ಹೋಯಿತು ಅಂತ ಗೋಲು ಕಾಯೋ ಗೋಲಿಯೇ ಹಿಂದೆ ತಿರುಗಿ ಹುಡುಕಿದ. ಅದು ಕಂಬಕ್ಕೆ ತಗುಲಿ ಆಚೆ ಹೋಗಿತ್ತು. ಮೋನಪ್ಪನವರು ಕುರ್ಚಿಯಿಂದ ಎದ್ದು ನಿಂತರು. ಊರುಗೋಲು ಕೆಳಗೆ ಬಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ. ನನಗೆ ಒಳಗೊಳಗೇ ಕುಣಿಯೋ ಹಾಗಾಯ್ತು. ಕೊಳ್ಳೋನು ಎದ್ದು ನಿಂತ ಅಂದರೆ ಬೆಲೆ ಮೇಲೆ ಹೋಯ್ತು ಅಂತಲೇ ಅರ್ಥ.

ಪ್ರಭಂಜನನಿಗೂ ಅದು ಅರ್ಥವಾಯ್ತು. ಅವನೂ ದಲ್ಲಾಳಿಯೇ ತಾನೇ. ಸೀದಾ ಮೇಜಿನ ಹತ್ತಿರ ಹೋದ, ಮೈಕು ಕಿತ್ತುಕೊಂಡ.

"ಮಹಾಜನರೇ, ನಿಮ್ಮ ಗುರುಮಲ್ಲನಿಗೆ ನಮ್ಮ ಕ್ಲಬ್ಬು ಕೊಡೋಕೆ ತಯಾರಿರೋ ಬೆಲೆ ಹೇಳ್ತೀನಿ, ಕೇಳಿ," ಅಂದ. ಅಂದು, ಹೇಳಿಯೇಬಿಟ್ಟ.

ಆ ಅಂಕಿ ನಿಮಗೆ ಬೇಡ. ನಮ್ಮ ಸಂತೆಗೆ ಬರೋ ಎತ್ತನ್ನೆಲ್ಲ ಒಟ್ಟಿಗೆ ಮಾರಿದರೂ ಅಷ್ಟಾಗಲ್ಲ ಅಂತ ತಿಳಕೊಳ್ಳಿ. ಸುಳ್ಳು ಬೆಲೆ ಹೇಳಿದ್ದರೆ ಏನೂ ಆಗ್ತಿರಲಿಲ್ಲ. ಅದು ಇಷ್ಟರವರೆಗೆ ಹೋಗಬಹುದು ಅಂತ ಕ್ಲಬ್ಬು ಅವನ ಕೈಗೆ ಕೊಟ್ಟಿದ್ದ ಕಟ್ಟಕಡೆಯ ಬೆಲೆಯಂತೆ, ನಿಜದ್ದು. ಜನಕ್ಕೆ ಮೊದಲು ಖುಷಿಯಾಯ್ತು, ಶಿಳ್ಳೆ ಹೊಡೆದರು. ಆಮೇಲೆ ಮೈದಾನದ ಕಡೆ ನೋಡಿದರು.

ಓಡ್ತಿದ್ದ ಗುರುಮಲ್ಲ ಹಾಗೇ ನಿಂತ. ಕಾಲೆತ್ತೋಕೆ ನೋಡಿದ, ಕಾಲು ಬರಲಿಲ್ಲ. ಇನ್ನೊಂದು ಸಲ ಜಗ್ಗಿದ, ಬೂಟಿನ ಹೊಲಿಗೆ ಬಿಟ್ಟಿತು. ಹಿಮ್ಮಡಿ ಮಣ್ಣಿಗೆ ಇಳಿಯಿತು, ಆಮೇಲೆ ಕಾಲಿನ ಹರಡೂ ಇಳಿಯಿತು. ಪಟ್ಟಣದ ಹುಡುಗ ಒಬ್ಬ ಅವನ ಮುಂದಿನ ಚೆಂಡನ್ನ ಎತ್ತಿಕೊಂಡು ಹೋದ ಹಾಗೆ ತಳ್ಳಿಕೊಂಡು ಹೋಗಿ ಗೋಲು ಹೊಡೆದ. ಗುರುಮಲ್ಲ ತಿರುಗಿ ನೋಡೋಕೂ ಆಗದೆ ನಿಂತಿದ್ದ.

ಹಾಫ್ ಟೈಮ್ ಅಂತ ರೆಫ್ರಿ ಸೀಟಿ ಊದಿದ. ನಾನು ಸೀರೆ ಎತ್ತಿ ಕಟ್ಟಿ ಮೈದಾನಕ್ಕೆ ಓಡಿದೆ. ಇದಾಯತ್ ನನಗಿಂತ ಮುಂಚೆ ಓಡಿಬಂದು ಗುರುಮಲ್ಲನ ಮಂಡಿ ಹಿಡಿದು ಕೂತಿದ್ದ. ಮಂಡಿ ನಡುಗ್ತಿತ್ತು. ನನಗೆ ಹೊನ್ನೇಗೌಡನ ಎತ್ತು ಕಣ್ಣ ಮುಂದೆ ಬಂತು. ಕುಡಿದ ಮತ್ತಿನಲ್ಲಿ ಅವನು ತನ್ನ ಎತ್ತಿಗೆ ಬಾಯಿಬಿಟ್ಟು ಬೆಲೆ ಕಟ್ಟಿದ್ದ. ಅದು ಏಳೋಕೆ ಹೋಗಿ ಮುಂಗಾಲು ಎರಡೂ ಮುರಿದುಕೊಂಡಿತ್ತು. ಆ ಸದ್ದು ನಾನು ಕೇಳಿದ್ದೀನಿ.

ಅಲ್ಲಿ ಮೇಜಿನ ಹತ್ತಿರ ಮೋನಪ್ಪನವರು ಕೇಳ್ತಿದ್ದರು: "ಏನಾಯ್ತು ಹುಡುಗನಿಗೆ?"

"ದಮ್ಮಿಲ್ಲ ಸಾರ್," ಅಂದ ಪ್ರಭಂಜನ. "ಹತ್ತು ನಿಮಿಷದ ಆಟ ಅಷ್ಟೇ. ನಾನು ಮೊದಲೇ ಹೇಳಿದ್ದೆ."

ಮೋನಪ್ಪನವರು ಮೆಲ್ಲಗೆ ಕೂತುಬಿಟ್ಟರು. ಆ ಮಾತು ಕೇಳಿಸಿಕೊಂಡ ನಮ್ಮ ಜನಕ್ಕೆ ರೇಗಿತು. ಬೆಲೆ ಏರಿಸಿ ಹೂತವನನ್ನ ಬೆಲೆ ಇಳಿಸಿ ಎತ್ತೋಣ ಅಂತ ಯಾರಿಗೋ ಹೊಳೆಯಿತು. ಜವರಮ್ಮ ಗಂಟಲು ಹರಿಯೋ ಹಾಗೆ ಕೂಗಿದಳು: "ಗುರುಮಲ್ಲನಿಗೆ ನಾನು ಎರಡು ಕೊಳೆತ ಟೊಮೇಟೊ ಕೊಡ್ತೀನಿ." ಆಮೇಲೆ ತಗೊಳ್ಳಿ, ಇಡೀ ಮೈದಾನ ಶುರು ಹಚ್ಚಿಕೊಂಡಿತು. ಒಬ್ಬ ಹರಿದ ಚಪ್ಪಲಿ ಅಂದ, ಒಬ್ಬಳು ಅರ್ಧ ಬೀಡಿ ಅಂದಳು, ಶಾಂತವೀರಪ್ಪ ಒಂದು ಹಿಡಿ ಹಿಂಡಿ ಅಂದ. ಊರಿಗೆ ಊರೇ ಮಗನಂಥ ಹುಡುಗನನ್ನ ಬಾಯಿಗೆ ಬಂದ ಹಾಗೆ ಹೀಯಾಳಿಸಿತು. ಅವನು ಒಂದು ಕೂದಲೆಳೆಯಷ್ಟೂ ಮೇಲೆ ಬರಲಿಲ್ಲ. ಯಾರಿಗೂ ಅದು ಮನಸ್ಸಿನ ಮಾತಲ್ಲವಲ್ಲ, ಹೇಗೆ ಬರ್ತಾನೆ?

"ಅಚ್ಯುತಯ್ಯ ಮೇಷ್ಟ್ರನ್ನ ಕರೀರಿ," ಅಂದ ಒಬ್ಬ. ಸರಿಯಾದ ಮಾತೇ. ಲೆಕ್ಕದ ಮೇಷ್ಟ್ರು ಅಚ್ಯುತಯ್ಯನವರ ಮನೆ ಮೈದಾನದ ಪಕ್ಕದಲ್ಲೇ. ಗುರುಮಲ್ಲನ ಚೆಂಡು ಬಿದ್ದು ಅವರ ಹೆಂಚು ಒಡೆಯದ ವಾರವಿಲ್ಲ. 'ಆ ಹುಡುಗ ಮೂರು ಕಾಸಿಗೆ ಪ್ರಯೋಜನವಿಲ್ಲ' ಅಂತ ಊರೆಲ್ಲ ಹೇಳಿಕೊಂಡು ತಿರುಗೋರು. ಅವರನ್ನ ಅಕ್ಷರಶಃ ಎತ್ತಿಕೊಂಡು ಬಂದು ಗುರುಮಲ್ಲನ ಎದುರಿಗೆ ನಿಲ್ಲಿಸಿದರು. "ಹೇಳಿ ಮೇಷ್ಟ್ರೇ, ನೀವಾದರೆ ಮನಸಾರೆ ಹೇಳ್ತೀರಿ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ಮೂರು ಕಾಸು," ಅಂದರು.

ಏನೂ ಆಗಲಿಲ್ಲ. ಎಲ್ಲರೂ ಮೇಷ್ಟ್ರನ್ನ ನೋಡಿದರು. ಅವರು ಕನ್ನಡಕ ತೆಗೆದು ಪಂಚೆ ತುದಿಯಲ್ಲಿ ಒರೆಸಿಕೊಳ್ಳೋಕೆ ಶುರು ಮಾಡಿದರು. "ಕಿಟಕಿಯಿಂದ ಆಟ ಕಾಣುತ್ತೆ," ಅಂದರು ತಲೆ ಎತ್ತದೆ. "ಕಂಡರೆ ನೋಡದೆ ಇರೋಕಾಗುತ್ತಾ?" ಗುರುಮಲ್ಲ ಅಷ್ಟು ನೋವಿನಲ್ಲೂ ನಕ್ಕ.

ಶಾಂತವೀರಪ್ಪ ನನ್ನ ಕಿವಿ ಹತ್ತಿರ ಬಂದ. "ಕೊಡಲ್ಲ ಅಂದುಬಿಡು ದುಂಡಮ್ಮ. ಭಾರ ಇಳಿಯುತ್ತೆ."

"ಇಳಿಯುತ್ತೆ. ನಾನು ಸಾಯೋವರೆಗೆ ಅವನನ್ನ ಯಾರೂ ಕೇಳೋ ಹಾಗಿಲ್ಲ, ಅಷ್ಟು ಹೊತ್ತಿಗೆ ಅವನೂ ಮುದುಕ. ಆ ಮಾತನ್ನ ಮೊದಲು ನಿನ್ನ ಮನೆಗೆ ಹೇಳು, ಹೆಂಡತಿಯಾದರೂ ಬಾಗಿಲಲ್ಲಿ ಓಡಾಡಲಿ," ಅಂದೆ.

ಆಗ ಬಂದ ಪ್ರಭಂಜನ. ಕೈಯಲ್ಲಿ ಹೊಸ ಟವಲ್ಲು, ನಮ್ಮ ಸಂತೆಯಲ್ಲೇ ಕೊಂಡದ್ದು. ಕೈ ಚಾಚಿದ. ಮೈಯೆಲ್ಲ ಉರೀತಿದ್ದರೂ ಕೈ ಕೊಟ್ಟೆ. ಟವಲ್ಲಿನ ಕೆಳಗೆ ಅವನು ಒತ್ತಿದ್ದು ಮೊದಲಿಗಿಂತಲೂ ಕಮ್ಮಿ. ಇದಾಯತನ ಬೆಲೆಗಿಂತಲೂ ಕಮ್ಮಿ.

"ಒಪ್ಪಿಕೊಳ್ಳಿ ಅಮ್ಮ, ಈಗಲೇ ನನ್ನ ಮಾತು ವಾಪಸ್ ತಗೊಳ್ತೀನಿ," ಅಂದ ಮೆಲ್ಲಗೆ. "ಇಲ್ಲವಾ, ಆಟ ಮುಗಿಯೋವರೆಗೆ ಹೀಗೇ ನಿಂತಿರಲಿ. ಕೋಚು ನೋಡಿ ಎದ್ದು ಹೋಗ್ತಾರೆ. ಆಮೇಲೆ ಯಾರೂ ಬರಲ್ಲ. ಮಂಡಿಯ ಕಥೆ ಏನಾಗುತ್ತೋ ನನಗೆ ಗೊತ್ತಿಲ್ಲ."

ನಾನು ಎಷ್ಟೋ ಕಟುಕರ ಜೊತೆ ವ್ಯಾಪಾರ ಮಾಡಿದ್ದೀನಿ. ಅವರಿಗೆಲ್ಲ ಒಂದು ನಿಯತ್ತಿತ್ತು. ಆದರೆ ನನ್ನ ಕಣ್ಣ ಮುಂದೆ ಆ ಮಂಡಿ ನಡುಗ್ತಿತ್ತು, ಕಿವಿಯಲ್ಲಿ ಹೊನ್ನೇಗೌಡನ ಎತ್ತಿನ ಸದ್ದು. ಸುಳ್ಳು ಯಾಕೆ ಹೇಳಲಿ, ನನ್ನ ಬೆರಳು ಮಡಿಚಿಕೊಳ್ತಿತ್ತು. ಬೆರಳು ಮಡಿಚಿದರೆ ಒಪ್ಪಿಗೆ. ಬೆಂಚಿನ ಮೇಲೆ ಕೂತರೂ ಕಾಲಿರುತ್ತಲ್ಲ ಅಂತ ಅನ್ನಿಸಿತು. ಹೆತ್ತವಳಲ್ಲದಿದ್ದರೂ ಸಾಕಿದ ಕರುಳು.

"ದೊಡ್ಡವ್ವ." ಗುರುಮಲ್ಲ ಕರೆದ. "ಕೈ ಆಚೆ ತೆಗಿ."

"ಸುಮ್ಮನಿರೋ. ನಿನ್ನ ಮಂಡಿ ನೋಡಿಕೊಂಡಿದ್ದೀಯಾ?"

"ಮಂಡಿ ನನ್ನದು. ಒಂದು ಪೈಸೆ ಇಳಿಸಬೇಡ." ಅವನ ಹಣೆಯಿಂದ ಬೆವರು ಧಾರೆಯಾಗಿ ಇಳೀತಿತ್ತು. "ಈ ಬೆಲೆ ಹೇಳಿದ್ದು ಯಾರು? ಅವನೇ. ಮನಸಾರೆ ಹೇಳಿದ್ದಕ್ಕೇ ತಾನೇ ನಾನು ಹೂತಿರೋದು? ಹಾಗಾದರೆ ಇದು ನನ್ನ ಬೆಲೆ. ನನ್ನ ಬೆಲೆ ನಾನೇ ಹೊರಲಾರೆ ಅಂದರೆ ಅಲ್ಲಿ ಹೋಗಿ ಏನು ಮಾಡಲಿ?"

"ಕಾಲು ಮುರಿದರೆ?"

"ಮುರಿದರೆ ಮುರೀಲಿ. ಬೆಂಚಿನ ಮೇಲೆ ಕೂರೋಕೆ ಕಾಲು ಯಾಕೆ ಬೇಕು ದೊಡ್ಡವ್ವ?"

ಇದಾಯತ್ ಅವನ ಮಂಡಿ ಬಿಟ್ಟು ಎದ್ದು ನಿಂತ. ತನ್ನ ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ, ಎರಡಾಗಿ ಹರಿದು, ಗುರುಮಲ್ಲನ ಎರಡು ಮಂಡಿಗೂ ಬಿಗಿಯಾಗಿ ಸುತ್ತಿ ಕಟ್ಟಿದ. ನಾನು ಟವಲ್ಲಿನಿಂದ ಕೈ ಎಳೆದುಕೊಂಡೆ. ಪ್ರಭಂಜನನ ಮುಖ ನೋಡಬೇಕಿತ್ತು ನೀವು.

ಎರಡನೇ ಅರ್ಧ ಶುರುವಾಯ್ತು. ಬಹಳ ಹೊತ್ತು ಗುರುಮಲ್ಲ ನಿಂತಲ್ಲೇ ನಿಂತಿದ್ದ. ಆಟ ಅವನ ಆಚೆ ಈಚೆ ನಡೀತಿತ್ತು, ಪಟ್ಟಣದ ಹುಡುಗರು ಅವನನ್ನ ಕಂಬದ ಹಾಗೆ ಬಳಸಿಕೊಂಡು ಹೋಗ್ತಿದ್ದರು. ಕೊನೆಗೆ ಚೆಂಡು ಅವನ ಹತ್ತಿರ ಉರುಳಿ ಬಂತು. ಅವನು ಬಲಗಾಲನ್ನ ಮಣ್ಣಿಂದ ಎಳೆದು ಚೆಂಡಿನ ಮೇಲೆ ಇಟ್ಟ. ಅವರ ಕಡೆಯ ದಪ್ಪನೆ ಹುಡುಗನೊಬ್ಬ ಜೋರಾಗಿ ಬಂದು ಭುಜಕ್ಕೆ ಭುಜ ಕೊಟ್ಟ, ಕೊಟ್ಟವನು ತಾನೇ ಹಿಂದಕ್ಕೆ ಬಿದ್ದ. ಇನ್ನೊಬ್ಬ ಚೆಂಡಿಗೆ ಒದ್ದ, ಚೆಂಡು ಅಲುಗಲಿಲ್ಲ, ಅವನೇ ಕಾಲು ಹಿಡಿದುಕೊಂಡು ಕೂತ. ಆಗ ಗುರುಮಲ್ಲ ಒಂದು ಹೆಜ್ಜೆ ಇಟ್ಟ.

ಓಡಲಿಲ್ಲ. ನಡೆದ. ಒಂದು ಹೆಜ್ಜೆ, ಮಣ್ಣಿಂದ ಕಾಲು ಕೀಳೋದು, ಚೆಂಡನ್ನ ಒಂದು ಗೇಣು ತಳ್ಳೋದು, ಇನ್ನೊಂದು ಹೆಜ್ಜೆ. ಪ್ರತಿ ಹೆಜ್ಜೆಗೂ ಅವನ ಗಂಟಲಿಂದ ಒಂದು ಹೂಂಕಾರ. ಮೂರು ನಾಲ್ಕು ಜನ ಅವನಿಗೆ ಅಡ್ಡ ಬಂದು ಎದೆ ಕೊಟ್ಟು ತಳ್ಳಿದರು, ಅವರ ಕಾಲೇ ಹಿಂದಕ್ಕೆ ಜಾರಿತು. ರೆಫ್ರಿ ಸೀಟಿ ಬಾಯಲ್ಲಿಟ್ಟುಕೊಂಡು ಏನು ತಪ್ಪು ಹಿಡಿಯೋದು ಅಂತ ಪಕ್ಕದಲ್ಲೇ ನಡೀತಿದ್ದ. ನಡೆಯೋದು ತಪ್ಪು ಅಂತ ಯಾವ ಕಾನೂನಿದೆ? ನಾನು ಬದಿಯಲ್ಲಿ ಅವನ ಸಮಕ್ಕೆ ನಡೀತಾ ಬಂದೆ. ಅವನ ಮಂಡಿಯಿಂದ ಕಣ್ಣು ಕೀಳಲಿಲ್ಲ. ಅಳ್ತಿದ್ದೆ, ಬೈತಿದ್ದೆ, ಯಾರನ್ನ ಬೈತಿದ್ದೆನೋ ನೆನಪಿಲ್ಲ. ಗೋಲಿ ಬಂದು ಚೆಂಡಿನ ಮೇಲೆ ಬಿದ್ದು ಎರಡೂ ಕೈಯಲ್ಲಿ ಅದನ್ನ ಹಿಡಿಯೋಕೆ ನೋಡಿದ, ಅಷ್ಟರಲ್ಲಿ ಗುರುಮಲ್ಲ ಅದನ್ನ ಪಕ್ಕಕ್ಕೆ ಸರಿಸಿದ್ದ. ಚೆಂಡು ಮೆಲ್ಲಗೆ, ಬಹಳ ಮೆಲ್ಲಗೆ ಉರುಳಿ ಗೆರೆ ದಾಟಿತು. ಒಂದೊಂದು ಗೋಲು, ಸಮ. ಅಚ್ಯುತಯ್ಯ ಮೇಷ್ಟ್ರು ಕುಣಿದರು ಅಂತ ಆಮೇಲೆ ಜನ ಹೇಳಿದರು, ನಾನು ನೋಡಲಿಲ್ಲ.

ಆಟ ಮುಗಿದ ಮೇಲೆ ಮೋನಪ್ಪನವರು ಊರುಗೋಲು ಊರಿಕೊಂಡು ಮೈದಾನಕ್ಕೆ ಬಂದರು. ಗುರುಮಲ್ಲ ಗೋಲಿನ ಮುಂದೆಯೇ ಹೂತು ನಿಂತಿದ್ದ. ಅವರು ಅವನ ಹೆಜ್ಜೆಗಳ ಪಕ್ಕದಲ್ಲೇ ನಡೆದು ಬಂದರು. ಒಂದು ಹೆಜ್ಜೆಯೊಳಗೆ ಊರುಗೋಲು ಇಳಿಸಿ ಆಳ ನೋಡಿದರು. "ಏನಿದು?" ಅಂತ ನನ್ನನ್ನ ಕೇಳಿದರು. ನಾನು ಎಲ್ಲಾ ಹೇಳಿದೆ, ಮೈಕಿನಲ್ಲಿ ಕೂಗಿದ ಬೆಲೆಗೇ ಅವನು ಹೂತಿದ್ದು ಅಂತಲೂ ಹೇಳಿದೆ. ಅವರು ಗುರುಮಲ್ಲನ ಕೈ ಹಿಡಿದು ಎತ್ತೋಕೆ ನೋಡಿದರು, ಆಗಲಿಲ್ಲ. ಬಗ್ಗಿ ಅವನ ಮಂಡಿಗೆ ಕಟ್ಟಿದ ಬಟ್ಟೆ ಮುಟ್ಟಿದರು. ಆಮೇಲೆ ಪ್ರಭಂಜನನ ಕಡೆ ತಿರುಗಿದರು.

"ಹೇಳಿದ್ದನ್ನ ಕೊಡು."

"ಸಾರ್, ಅದು ಸುಮ್ಮನೆ ಹೇಳಿದ್ದು. ಜನರನ್ನ ಖುಷಿಪಡಿಸೋಕೆ."

ಇಡೀ ಮೈದಾನ ನಕ್ಕಿತು. ಜವರಮ್ಮ ಗುರುಮಲ್ಲನ ಕಾಲು ತೋರಿಸಿದಳು. ಸುಮ್ಮನೆ ಹೇಳಿದ್ದಾಗಿದ್ದರೆ ಹುಡುಗ ಹೀಗೆ ಹೂತುಕೊಳ್ತಿದ್ದನಾ? ಆಡಿದ ಮಾತು ಅಲ್ಲೇ ಮೊಣಕಾಲ ಕೆಳಗೆ ಮಣ್ಣಿನಲ್ಲಿ ನಿಂತಿತ್ತು. ಪ್ರಭಂಜನ ಕೋಟು ಬಿಚ್ಚಿದ, ಮತ್ತೆ ಹಾಕಿಕೊಂಡ. ಈಗ ವಾಪಸ್ ತಗೊಂಡರೆ ಕೋಚಿನ ಮುಂದೆ ಸುಳ್ಳುಗಾರ, ತಗೊಳ್ಳದಿದ್ದರೆ ಕೊಡಬೇಕು. "ಆಯ್ತು ಸಾರ್," ಅಂದ ಕೊನೆಗೆ. "ಅದೇ ಬೆಲೆ."

ಶಾಂತವೀರಪ್ಪ ನನ್ನ ಬೆನ್ನು ತಟ್ಟಿದ. ಒಪ್ಪಿಕೋ, ಒಪ್ಪಿಕೋ ಅಂತ ಟೀಮಿನವರು ಕಣ್ಣಲ್ಲೇ ಹೇಳಿದರು. ಮೋನಪ್ಪನವರು ನನ್ನನ್ನೇ ನೋಡ್ತಿದ್ದರು. ನಾನು ಸರಿ ಅನ್ನಬೇಕಿತ್ತು, ಅಷ್ಟೇ. ಅಂದರೆ ಭಾರ ಇಳಿಯುತ್ತೆ, ಹುಡುಗ ಮನೆಗೆ ಬಂದು ಬಿಸಿನೀರು ಹಾಕಿಕೊಳ್ತಾನೆ. ನನ್ನ ಕಣ್ಣು ಮಾತ್ರ ಆ ಹೆಜ್ಜೆಗಳ ಮೇಲೆ ಹೋಯ್ತು. ಮೈದಾನದ ನಡುವಿನಿಂದ ಗೋಲಿನವರೆಗೆ ಒಂದರ ಹಿಂದೆ ಒಂದು.

"ಅದು ಓಡೋ ಹುಡುಗನಿಗೆ ಕಟ್ಟಿದ ಬೆಲೆ," ಅಂದೆ. "ಹೊತ್ತು ನಡೆದವನಿಗೆ ಇನ್ನೂ ಯಾರೂ ಬೆಲೆ ಕಟ್ಟಿಲ್ಲ."

ಪ್ರಭಂಜನ ಬಾಯಿ ತೆರೆದ. ಮೋನಪ್ಪನವರು ಕೈಯೆತ್ತಿ ಅವನನ್ನ ಸುಮ್ಮನಾಗಿಸಿದರು. "ಎಷ್ಟು?" ಅಂದರು.

ನಾನು ಗುರುಮಲ್ಲನನ್ನ ನೋಡಿದೆ. ಅವನ ತುಟಿ ಒಣಗಿತ್ತು, ಮಂಡಿ ಇನ್ನೂ ನಡುಗ್ತಿತ್ತು. ನನ್ನ ಮುಖ ನೋಡಿದ್ದೇ ಅವನಿಗೆ ಗೊತ್ತಾಗಿಹೋಯ್ತು. ಎರಡೂ ಕೈಯನ್ನ ತೊಡೆ ಮೇಲೆ ಊರಿ, ಬೆನ್ನು ನೆಟ್ಟಗೆ ಮಾಡಿಕೊಂಡ.

"ಹೇಳು ದೊಡ್ಡವ್ವ," ಅಂದ. "ಹೊರ್ತೀನಿ."

ಹೇಳಿದೆ. ಬೆರಳಲ್ಲಲ್ಲ, ಬಾಯಲ್ಲಿ, ಕಿಟಕಿಮನೆಯವರೆಗೂ ಕೇಳೋ ಹಾಗೆ. ಅವನು ಇನ್ನೊಂದು ಗೇಣು ಕೆಳಗೆ ಹೋದ, ತಲೆ ಬಗ್ಗಿಸಲಿಲ್ಲ. ಮೋನಪ್ಪನವರು ಅವನನ್ನೇ ನೋಡ್ತಾ, "ಕೊಟ್ಟೆ," ಅಂದರು.